ನಾನು ಓದದ ನಲವತ್ತು ಪುಟಗಳು

ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವರಲ್ಲಿ ಒಂದು ದುರ್ಗುಣ ಉಂಟು. ಓದುವುದು ನಿಧಾನ ಎಂದು ನಾವು ಒಪ್ಪಿಕೊಳ್ಳುವುದಿಲ್ಲ. ಬೆಳಕು ಸಾಲದು, ಅಕ್ಷರ ಸಣ್ಣದು, ಕನ್ನಡಕ ಸರಿಯಿಲ್ಲ ಎನ್ನುತ್ತೇವೆ. ನನಗೆ ಕನ್ನಡಕವೇ ಇಲ್ಲ. ಆದರೂ ಅದು ಸರಿಯಿಲ್ಲವೆಂದು ಒಂದೆರಡು ಸಲ ಹೇಳಿದ್ದೇನೆ. ಇದರಿಂದ ನನ್ನ ತಮ್ಮ ವಾಮನನಿಗೆ ಆದ ಅನ್ಯಾಯವನ್ನು ಇಲ್ಲಿ ಹೇಳಿಬಿಡುತ್ತೇನೆ.

ನಮ್ಮ ಬೋಳಾರದ ಮನೆಯಿಂದ ಕಾಲೇಜಿಗೆ ಹೋದ ಮೊದಲನೆಯವನು ವಾಮನ. ಬಿ.ಎ. ಕೊನೆಯ ವರ್ಷದಲ್ಲಿ ಒಂದು ಕಾದಂಬರಿಯ ಮೇಲೆ ಸಂಶೋಧನಾ ಪ್ರಬಂಧ ಬರೆದು ಕ್ಲಾಸಿನಲ್ಲಿ ಓದಬೇಕಿತ್ತು. ಚೆನ್ನಾಗಿ ಬರೆದವನಿಗೆ ಪ್ರೊಫೆಸರರು ಮೈಸೂರಿನಲ್ಲಿ ಎಂ.ಎ. ಸೇರಲು ಶಿಫಾರಸು ಕಾಗದ ಕೊಡುವವರಿದ್ದರು. ಸಂಜೆ ನಾನು ಎಲೆ, ಹೊಗೆಸೊಪ್ಪು ತುಂಬಿದ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವಾಗ ಅವನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಘಟ್ಟದ ಮೇಲಿನ ಒಬ್ಬ ಸೊಸೆಯ ಕಥೆ. ಗಂಡನ ಮನೆಯವರು ಅವಳನ್ನು ಮಗುವಿನ ಸಮೇತ ಹೊರಗೆ ಹಾಕಿದರು.

“ತವರಿಗೆ ಹೋಗ್ಲಿ. ಬಾಗಿಲಲ್ಲಿ ನಿಂತು ಎಂತ ಅಳುವುದು?” ಎಂದೆ.

“ಅಲ್ಲಿ ತವರುಮನೆ ಅಣ್ಣನದ್ದು, ಅಕ್ಕ. ಅತ್ತಿಗೆ ಒಳಗೆ ಬಿಡಬೇಕಲ್ಲ?”

“ಅದೆಂಥ ಮನೆ ಮಾರಾಯ!”

ನಮ್ಮದು ಅಳಿಯಸಂತಾನ. ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ಅಣ್ಣತಮ್ಮಂದಿರೇ ಅಕ್ಕತಂಗಿಯರ ಮನೆಯಲ್ಲಿರುತ್ತಾರೆ. ಮದುವೆಯಾದ ಮೂರನೆಯ ವರ್ಷ ನಾನೂ ಗಂಡನ ಮನೆಯಿಂದ ಪೆಟ್ಟಿಗೆ ಹಿಡಿದು ಬಂದವಳು. ಸೋದರಮಾವ “ಊಟ ಆಯಿತಾ?” ಎಂದು ಕೇಳಿದರು, ಅಷ್ಟೆ. ಅದರ ಮೇಲೆ ಯಾರೂ ಕಾದಂಬರಿ ಬರೆಯಲಿಲ್ಲ.

ಇನ್ನು ನಲವತ್ತು ಪುಟ ಇರುವಾಗ ವಾಮನನಿಗೆ ಕೆಂಗಣ್ಣು ಬಂತು. ಫಳ್ನೀರಿನ ಡಾಕ್ಟರು ಐದು ದಿನ ಪುಸ್ತಕ ಮುಟ್ಟಬಾರದು ಎಂದರು. ಲೈಬ್ರರಿಗೆ ಮರುದಿನವೇ ಅದನ್ನು ಹಿಂದೆ ಕೊಡಬೇಕಿತ್ತು.

“ನೀನು ಓದು ಅಕ್ಕ, ನಾನು ಕೇಳ್ತೇನೆ” ಎಂದ.

ನಾನು ಒತ್ತಕ್ಷರ ಬಂದಲ್ಲೆಲ್ಲ ನಿಂತು, ಉಸಿರು ತೆಗೆದು ಮುಂದೆ ಹೋಗುವವಳು. ಕಾಲೇಜು ಕಲಿಯುವ ತಮ್ಮನ ಎದುರು ಹಾಗೆ ನಿಲ್ಲಲು ನಾಚಿಕೆಯಾಯಿತು. “ಗಟ್ಟಿಯಾಗಿ ಓದಿದರೆ ನನಗೆ ಅರ್ಥ ಆಗುವುದಿಲ್ಲ. ಮನಸ್ಸಿನಲ್ಲೇ ಓದಿ ಕಥೆ ಹೇಳ್ತೇನೆ” ಎಂದೆ. ಅವನು ನಂಬಿದ.

ಎರಡು ಪುಟ ಓದಿದೆ. ಆ ಹುಡುಗಿ ಮಗುವನ್ನು ಜಗಲಿಯಲ್ಲಿ ಮಲಗಿಸಿ ಬಾವಿಯ ಕಡೆಗೆ ಹೊರಟಳು. ಅಲ್ಲಿಗೆ ಪುಸ್ತಕ ಮುಚ್ಚಿದೆ. ಅರ್ಧ ಕಾರಣ ಒತ್ತಕ್ಷರ. ಉಳಿದರ್ಧ ಬಾವಿ.

“ಎಂತ ಆಯಿತು?” ಎಂದು ವಾಮನ ಕೇಳಿದ.

“ತವರಿಗೆ ಹೋದಳು. ಸೋದರಮಾವ ಊಟ ಆಯಿತಾ ಎಂದು ಕೇಳಿದರು.”

“ನಲವತ್ತು ಪುಟದಲ್ಲಿ ಅಷ್ಟೇಯಾ?”

“ನಿಧಾನಕ್ಕೆ ಊಟ ಮಾಡಿದಳು.”

ಕಣ್ಣು ಗುಣವಾದ ಮೇಲೆ ಅವನು ಆ ಊಟದ ಮೇಲೆಯೇ ಆರು ಪುಟ ಬರೆದ. ಕ್ಲಾಸಿನಲ್ಲಿ ಓದಿದ. ಪ್ರೊಫೆಸರರು ಪೂರ್ತಿ ಕೇಳಿ, “ಅವಳು ಬಾವಿಗೆ ಬಿದ್ದು ಸತ್ತಳಲ್ಲ ವಾಮನ?” ಎಂದರಂತೆ. ಇಡೀ ಕ್ಲಾಸು ನಕ್ಕಿತಂತೆ. ಮನೆಗೆ ಬಂದಾಗ ಅವನ ಕಣ್ಣು ಮತ್ತೆ ಕೆಂಪಾಗಿತ್ತು.

“ನನ್ನ ಹೆಸರು ಹೇಳಿದೆಯಾ?” ಎಂದೆ. ನಾನು ಕೇಳಿದ ಮೊದಲ ಮಾತು ಇದು.

“ಇಲ್ಲ. ನಾನೇ ಪುಟ ಬಿಟ್ಟು ಓದಿದೆ ಅಂತ ಹೇಳಿದೆ.”

ಆಮೇಲೆ ಎಲ್ಲ ಒಪ್ಪಿಕೊಂಡೆ. ಕನ್ನಡಕದ ಸುದ್ದಿ ಎತ್ತಲಿಲ್ಲ. ವಾಮನ, “ಊಟ ಆಯಿತಾ ಅಂತ ಹೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು. ಅದು ನಮ್ಮ ಮಾವನ ಮಾತಲ್ಲವಾ?” ಎಂದ. ಮರುದಿನ ಹೋಗಿ ಪ್ರೊಫೆಸರರಿಗೆ ನಿಜ ಹೇಳಿದ. ಅವರು ಇನ್ನೊಂದು ವಾರ ಕೊಟ್ಟರು. ನಮ್ಮ ಕಡೆಯ ಒಬ್ಬ ಓದುಗಿತ್ತಿ ಆ ಸೊಸೆಯನ್ನು ಬಾವಿಗೆ ಬೀಳಲು ಯಾಕೆ ಬಿಡಲಿಲ್ಲ ಎಂಬುದನ್ನೇ ಅವನು ಬರೆದ. ಆ ಪ್ರಬಂಧಕ್ಕೆ ಶಿಫಾರಸು ಕಾಗದ ಸಿಕ್ಕಿತು, ಮೈಸೂರಿಗೂ ಹೋದ.

ನನ್ನ ತಪ್ಪು ಅಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಪ್ರಬಂಧವನ್ನು ಬರೆಯುತ್ತಿರುವಾಗಲೇ ಅವನು ಕರಡನ್ನು ನನ್ನ ಕೈಗೆ ಕೊಟ್ಟು, “ಇದು ನಿನ್ನದೇ ಸಂಗತಿ. ಓದಿ ಹೇಗುಂಟು ಹೇಳು” ಎಂದಿದ್ದ. ಎರಡು ದಿನ ಗೆರಸೆಯ ಕೆಳಗೆ ಇಟ್ಟುಕೊಂಡೆ. ಮೊದಲ ಪುಟ ಓದಿದೆ. ಮೂರನೆಯ ದಿನ ಅವನು ಬಂದು ಎದುರು ನಿಂತ.

“ತುಂಬ ಚೆನ್ನಾಗಿ ಉಂಟು. ಅದರಲ್ಲೂ ಕೊನೆ” ಎಂದೆ.

ಕೊನೆಯನ್ನು ಅವನು ಇನ್ನೂ ಬರೆದಿರಲಿಲ್ಲವಂತೆ.