ಬೆಂಡೆಕಾಯಿ ನೀರಿನ ಮಹಾಸಮರ

ಬೆರಳ ತುದಿಯಲ್ಲಿ ಬ್ರಹ್ಮಾಂಡವೇ ಕುಣಿಯುವ ಈ ಫಾರ್ವರ್ಡ್ ಯುಗದಲ್ಲಿ, ಹೇ ವಾಗ್ದೇವಿ, ನೆಟ್‌ವರ್ಕ್ ಇರುವಷ್ಟು ಹೊತ್ತಾದರೂ ನನ್ನ ನಾಲಗೆಯ ಮೇಲೆ ನೆಲೆಸು! ಧಾರವಾಡದ 'ಮುಂಜಾನೆ ವಾಕಿಂಗ್ ಬಳಗ'ವೆಂಬ ಅರವತ್ಮೂರು ಸದಸ್ಯರ ವಾಟ್ಸಾಪ್ ಸಾಮ್ರಾಜ್ಯದ ಏಕಮೇವ ಅಡ್ಮಿನ್, ಮಧುಮೇಹ-ಮದ-ಮರ್ದನ, ಮೂಲಿಕಾ-ಮಾರ್ತಾಂಡ, ನಿವೃತ್ತ ಡ್ರಿಲ್ ಮಾಸ್ತರ ಗುರುಪಾದಪ್ಪ ಕೊಪ್ಪದರ ಪರಾಕ್ರಮವನ್ನು ಹಾಡಬೇಕಾಗಿದೆ.

ಶುಗರ್ ಗುಳಿಗೆ ಎಸೆದು ಬೆಂಡೆಕಾಯಿ ನೆನೆಸಿದ ನೀರು ಕುಡಿಯಿರೆಂದು ಆ ಮಹಾರಥಿಯು ಬಳಗಕ್ಕೆ ಆಜ್ಞಾಪಿಸಿದ ದಿನವೇ, ಸೂಚೀ-ಶಸ್ತ್ರ-ಧಾರಿಣಿ, ಸಹಸ್ರ-ಭುಜ-ಭೇದಿನಿ, ನಿವೃತ್ತ ನರ್ಸ್ ಇಂದುಮತಿಬಾಯಿ ರಣರಂಗಕ್ಕಿಳಿದರು.

"ಸರ್, ನೀರು ಬೇಕಾದ್ರ ಕುಡೀರಿ. ಗುಳಿಗಿ ಬಿಡ್ರಿ ಅಂತ ಮಂದಿಗೆ ಹೇಳಬ್ಯಾಡ್ರಿ" ಎಂದು ಬರೆದರು. ಉಳಿದ ಅರವತ್ತೊಂದು ಮಂದಿ ಎರಡೂ ಪಕ್ಷಕ್ಕೆ ಕೈಮುಗಿದರು.

ಅಡ್ಮಿನ್ ಪೀಠ ಅಲುಗಾಡಿತು. ಸೀಟಿ ಊದುವ ಕೆಲಸ ಹೋದ ಮೇಲೆ ಪಾಪ, ಮಾಸ್ತರರಿಗೆ ಉಳಿದಿದ್ದ ಅಧಿಕಾರ ಇದೊಂದೇ. ಮೀಸೆ ತೀಡಿ, ಮೈಕಿನ ಗುರುತನ್ನು ಒತ್ತಿ ಗರ್ಜಿಸಿದರು: "ಕೇಳ್ರಿ ಬಳಗದವರ! ಮೂರು ತಿಂಗಳಾತು, ಈ ಗುರುಪಾದಪ್ಪ ಕೊಪ್ಪದ ಒಂದು ಗುಳಿಗಿ ಮುಟ್ಟಿಲ್ಲ! ಸುಳ್ಳಾದ್ರ ಅಡ್ಮಿನ್‌ಗಿರಿ ಬಿಡ್ತೀನಿ!"

ಗರ್ಜನೆ ಮುಗಿಯಿತು, ರೆಕಾರ್ಡಿಂಗ್ ಮುಗಿಯಲಿಲ್ಲ. ವೀರಾವೇಶದಲ್ಲಿ ಹೆಬ್ಬೆರಳು ಮೇಲಕ್ಕೆ ಜಾರಿ ರೆಕಾರ್ಡಿಂಗ್ ಲಾಕ್ ಆಗಿ, ಮೈಕು ತನ್ನಷ್ಟಕ್ಕೆ ಓಡುತ್ತಲೇ ಇತ್ತು.

ಅಡುಗೆಮನೆಯಿಂದ ಹೆಂಡತಿ ನೀಲವ್ವ ಕೇಳಿದಳು: "ಏನ್ರೀ, ಶುಗರ್ ಗುಳಿಗಿ ತಗೊಂಡ್ರೇನು?"

"ತಗೊಂಡೆ, ತಗೊಂಡೆ. ಆ ಲೋಳಿ ನೀರು ಗಿಡಕ್ಕ ಹಾಕು ಮಾರಾಯ್ತಿ, ವಾಕರಿಕಿ ಬರ್ತೈತಿ."

ಆಗ ಕಂಡಿತು, ಓಡುತ್ತಿದ್ದ ಮೈಕು. ಗಾಬರಿಯಲ್ಲಿ ಕಸದ ಡಬ್ಬಿಯ ಗುರುತು ಒತ್ತುವ ಬದಲು ಕಳಿಸುವ ಗುರುತನ್ನು ಒತ್ತಿದರು. ಬೆವರುತ್ತ ಡಿಲೀಟ್ ಮಾಡಿದರು. 'ನನಗೆ ಮಾತ್ರ' ಎಂದಿದ್ದುದನ್ನು ಓದಲು ಕನ್ನಡಕ ಕೈಗೆ ಸಿಗಲಿಲ್ಲ. ಅವರ ಫೋನಿನಿಂದ ಸಂದೇಶ ಮಾಯವಾಯಿತು. ಅರವತ್ತೆರಡು ಫೋನುಗಳಲ್ಲಿ ಅದು ಸುಖವಾಗಿತ್ತು.

ಮರುದಿನ ಮುಂಜಾನೆ, ಮಾನ ಉಳಿಯಿತೆಂಬ ಹಿಗ್ಗಿನಲ್ಲಿ, ಬಿಳಿ ಬೂಟಿನ ಪಾದಗಳಿಂದ ಧರಣಿಯನ್ನು ನಡುಗಿಸುತ್ತ ವೀರಾಗ್ರಣಿಯು ಉದ್ಯಾನವನ್ನು ಪ್ರವೇಶಿಸಿದರು. ಬಳಗವೆಲ್ಲ ಬೆಂಚಿನಿಂದೆದ್ದು ಒಕ್ಕೊರಲಿನಿಂದ ಕೇಳಿತು:

"ಗುಳಿಗಿ ಆತೇನ್ರಿ ಸರ್?"

ಉದ್ಯಾನವೆಲ್ಲ ನಗೆಯಲ್ಲಿ ಮುಳುಗಿತು. ಇಂದುಮತಿಬಾಯಿ ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು. "ಅಡ್ಮಿನ್ ನೀವ ಇರ್ರಿ ಸರ್. ಗುಳಿಗಿ ಬಿಡಬಾರದು ಅಂತ ನಿಮ್ಮಷ್ಟು ಚಲೋ ಯಾರೂ ಹೇಳಿಲ್ಲ."

ಮೂಲಿಕಾ-ಮಾರ್ತಾಂಡರು ಕುಳಿತು, ಬೂಟಿನ ದಾರ ನೋಡುತ್ತ, ಸಣ್ಣ ದನಿಯಲ್ಲಿ ನುಡಿದರು:

"ಆತ್ರಿ. ನಾಷ್ಟಾಕ್ಕಿಂತ ಮುಂಚೇನ ತಗೊಂಡೆ."