ಜೀಪಿನ ಎಡಗಡೆಯ ಸೀಟು

ನಮ್ಮ ಯಜಮಾನರನ್ನು ಮತ್ತೆ ಜೀಪಿನ ಸ್ಟೇರಿಂಗಿನ ಮುಂದೆ ಕೂರಿಸುವ ಮಹಾಕಾರ್ಯ ನನ್ನಿಂದಲೇ ಆಗಬೇಕೆಂದು ನಾನು ತೀರ್ಮಾನಿಸಿಬಿಟ್ಟೆ! ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಅವರದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ವರ್ಷ ಅವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತವು. ಕೈಕಾಲು ಮೆಲ್ಲಗೆ ಚೇತರಿಸಿದವು. ನಗು ಮಾತ್ರ ವಾಪಸು ಬರಲಿಲ್ಲ. ದಿನಾ ಜೀಪು ಒರೆಸುವುದು, ಒಳಗೆ ಕುಳಿತು ಸುಮ್ಮನೆ ಇಳಿದು ಬರುವುದು. ನೋಡಲಾರದೆ ನಾನೇ ಡಾಕ್ಟರ್ ಶಹಾಬುದ್ದೀನರ ಬಳಿ ಕರೆದೊಯ್ದೆ.

ಡಾಕ್ಟರು ಕಣ್ಣು, ಕೈಕಾಲಿನ ಕಸುವು ಎಲ್ಲ ನೋಡಿದರು. ಎಡಗಡೆ ಇರುವುದು ಇನ್ನೂ ತಡವಾಗಿ ಇವರ ಗಮನಕ್ಕೆ ಬರುತ್ತದೆ, ಕತ್ತು ಹೊರಳಿಸಿ ನೋಡುವುದು ರೂಢಿಯಾಗಬೇಕು ಎಂದರು. ಮೊದಲು ಬಯಲಿನಲ್ಲಿ ನಿಧಾನವಾಗಿ ಓಡಿಸಲಿ, ಪಕ್ಕದಲ್ಲಿ ಒಬ್ಬರು ಇರಲಿ; ತಾವು ಒಪ್ಪುವವರೆಗೆ ರಸ್ತೆಗೆ ಇಳಿಯುವಂತಿಲ್ಲ ಎಂದೂ ಹೇಳಿದರು.

ಆ ಒಬ್ಬರು ನಾನೇ ಎಂದೆ. ಸೈಕಲ್ಲನ್ನೂ ಮುಟ್ಟದವಳು ಅಂದಿನಿಂದ ಡ್ರೈವಿಂಗ್ ಗುರು!

ಪಕ್ಕದ ಭಂಕೂರಿನ ಬಯಲಿನಲ್ಲಿ ಜೀಪು ಪಟ್ಟದಾನೆಯ ಗಾಂಭೀರ್ಯದಿಂದ ಹೊರಟಿತು. ಎಡಗಡೆ ರೈತ ಅಂಬರಾಯನ ಜೋಳದ ಕಣಿಕೆಯ ಬಣವೆ. ಯಜಮಾನರು ಅದನ್ನು ನೋಡಲಿ ಎಂದು ಕೂಗಿದೆ.

"ಎಡಕ್ಕರೀ, ಎಡಕ್ಕ!"

ಅವರು ವಿಧೇಯರಾಗಿ ಎಡಕ್ಕೆ ತಿರುಗಿಸಿದರು. ನಾನು ಇನ್ನೂ ಜೋರಾಗಿ ಕೂಗಿದೆ. ಅವರು ಇನ್ನಷ್ಟು ತಿರುಗಿಸಿದರು. ಮರುಕ್ಷಣ ನಾವಿಬ್ಬರೂ ಬಣವೆಯ ಹೊಟ್ಟೆಯಲ್ಲಿ! ನಿಧಾನವಾಗಿ ಹೊರಟಿದ್ದರಿಂದ ಯಾರಿಗೂ ಗಾಯವಿಲ್ಲ. ಕೆಳಗಿಳಿದು ನಿಂತರೆ ಅಂಬರಾಯನ ಎಮ್ಮೆ ಬಂದು ನನ್ನ ತುರುಬಿನಲ್ಲಿ ಸಿಕ್ಕಿದ್ದ ಕಣಿಕೆಯನ್ನೇ ಮೇಯತೊಡಗಿತು.

"ಎಡಕ್ಕ ನೋಡ್ರಿ ಅಂದೀನಿ, ಹೋಗ್ರಿ ಅಂದಿಲ್ಲ," ಎಂದೆ.

"ನೋಡ್ರಿ ಅನ್ನೂದು ಯಾವಾಗ ಅಂದಿ?" ಎನ್ನುತ್ತ ಅವರು ನನ್ನ ತಲೆ ನೋಡಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಲಕ್ವಾ ಹೊಡೆದ ಮೇಲೆ ಅದೇ ಮೊದಲ ನಗು. ಎಮ್ಮೆ ಇನ್ನೊಂದಿಷ್ಟು ಮೇಯಲಿ ಎಂದು ಸುಮ್ಮನೆ ನಿಂತೆ.

ಅಂಬರಾಯನ ಬೈಗುಳ ಕೇಳುತ್ತಲೇ ಬಣವೆಯನ್ನು ಮತ್ತೆ ಒಟ್ಟಿಕೊಟ್ಟೆವು. ಸುದ್ದಿ ತಿಳಿದ ಡಾಕ್ಟರು ನನ್ನ ನೌಕರಿ ಕಿತ್ತುಕೊಂಡು, ಭಾನುವಾರಗಳಂದು ತಾವೇ ಪಕ್ಕದಲ್ಲಿ ಕುಳಿತರು. ಕೊನೆಗೊಂದು ದಿನ ಡಾಕ್ಟರು ಯಜಮಾನರ ಫಲಿತಾಂಶ ಹೇಳಿದರು.

"ಸೂಗಪ್ಪನವರು ಪಾಸ್ ಆಗ್ಯಾರ, ಅಕ್ಕಾರ. ಫೇಲ್ ಆದವರು ನೀವು. ಗಾಡಿ ನಡೀವಾಗ ನಿಮ್ಮ ಬಾಯಿ ಬಂದ್ ಇರಬೇಕು."

ಮೊದಲ ಸಲ ರಸ್ತೆಗಿಳಿದು ಚಿತ್ತಾಪುರಕ್ಕೆ ಹೊರಟ ದಿನ ಯಜಮಾನರು ದಪ್ಪನೆಯ ಎಲೆ-ಅಡಿಕೆ ಮಡಿಸಿ ಕೊಟ್ಟರು. "ಇದು ಡಾಕ್ಟರ್ ಔಷಧ. ಊರು ಬರೂತನಕ ಬಾಯಾಗ ಇರ್ಲಿ."

ಮೈಮೇಲೆ ಹೊಸ ಇಳಕಲ್ ಸೀರೆ, ಎಲೆಯ ರಸ ಸುರಿದೀತೆಂದು ಬಾಯಿ ತೆರೆಯುವಂತಿಲ್ಲ. ಅವರು ಪ್ರತಿ ತಿರುವಿಗೂ ಕತ್ತು ಹೊರಳಿಸಿ ಎಡಕ್ಕೆ ನೋಡುತ್ತ ಓಡಿಸಿದರು. ಎಡಕ್ಕೆ ಕುಳಿತವಳು ನಾನೇ! ಮದುವೆಯಾದಾಗಿನಿಂದ ಅವರು ನನ್ನನ್ನು ಒಂದೇ ದಿನ ಅಷ್ಟು ಸಲ ನೋಡಿದ್ದಿಲ್ಲ. ಏನಾದರೂ ಒಂದು ಒಳ್ಳೆಯ ಮಾತು ಆಡೋಣವೆಂದರೆ, ಬಾಯಿ ತುಂಬ ಎಲೆ!