ರೊಟ್ಟಿ ಮುರಿಯದ ಗಾಡಿ

"ರೊಟ್ಟಿ ಬಡಿಯೋದು ಬ್ಯಾರೆ, ಗಾಡಿ ಸಾಕೋದು ಬ್ಯಾರೆ. ನಿನ್ನ ಕೈಲೆ ಆಗಂಗಿಲ್ಲ ಯವ್ವಾ, ನಾಳೆ ಗುಜರಿಗೆ ಹಾಕ್ತೀ ನೋಡು," ಎಂದು ನಮ್ಮ ಭಾವ, ಅಂದರೆ ಯಜಮಾನರ ಅಣ್ಣ, ಮಾನ್ವಿಯ ನಮ್ಮ ಓಣಿಗೆಲ್ಲ ಕೇಳುವಂತೆ ಹೇಳಿದ್ದರು. ದೇವದುರ್ಗದ ಗುತ್ತಿಗೆದಾರರೊಬ್ಬರಿಂದ ನಾನು ಹಳೇ ಟರ್ಬೊ ಡೀಸೆಲ್ ಕಾರು ಕೊಂಡು ತಂದ ದಿನ ಅದು. ನಾನು ಶಾಲೆಗೆ ಹೋದವಳಲ್ಲ, ರೊಟ್ಟಿ ಕಟ್ಟುವ ಹಳೇ ಪತ್ರಿಕೆಗಳಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಲು ಕಲಿತವಳು. 'ಆಗಂಗಿಲ್ಲ' ಎನ್ನುವ ಮಾತು ನನಗೆ ಹೊಸದಲ್ಲ. ಆದರೆ ಆ ಕಾರು ಬಂದ ಮೇಲೆ ನಮ್ಮ ಮನೆ ಮುಂದೆ ನಗುವಂಥದ್ದೇನಾದರೂ ಒಂದು ನಡೆಯದ ವಾರವೇ ಇಲ್ಲ.

ನನ್ನ ಕಸುಬು ಜೋಳದ ಖಡಕ್ ರೊಟ್ಟಿ. ಮಾನ್ವಿಯಲ್ಲಿ ಸುಟ್ಟು, ರಾಯಚೂರಿನ ದೊಡ್ಡ ಕಿರಾಣಿ ಅಂಗಡಿಗೆ ಒಯ್ಯುತ್ತೇನೆ. ಕಾರಿನ ಚಾಳಿ ಹೇಗಿತ್ತೆಂದರೆ, ಆಕ್ಸಿಲರೇಟರ್ ಒತ್ತಿದರೆ ಮೊದಲು ತೂಕಡಿಸುವುದು. ಆಮೇಲೆ ಟರ್ಬೊಗೆ ಎಚ್ಚರವಾಗಿ, ಹಿಂದಿನಿಂದ ಎಮ್ಮೆ ಗುದ್ದಿದಂತೆ ಜಿಗಿಯುವುದು. ಪ್ರತಿ ಜಿಗಿತಕ್ಕೂ ಹಿಂದಿನ ಸೀಟಿನಲ್ಲಿ ಕರ್ರ್ ಎಂಬ ಸದ್ದು. ಕೊನೆಗೆ ಅಂಗಡಿಯ ಸಾಹುಕಾರರು ಖಡಾಖಂಡಿತವಾಗಿ ಹೇಳಿದರು: "ಅಕ್ಕಾರ, ನಾ ಕೇಳಿದ್ದು ರೊಟ್ಟಿ, ನುಚ್ಚಲ್ಲ. ಇನ್ನೊಂದು ಸಲ ಚೂರು ತಂದ್ರಿ ಅಂದ್ರ ಆರ್ಡರ್ ದೇವದುರ್ಗದವರಿಗೆ ಕೊಡ್ತೀನಿ."

ಆ ಆರ್ಡರ್ ಹೋದರೆ ನನ್ನ ಒಲೆಗಳಲ್ಲಿ ಅರ್ಧ ಆರಿದಂತೆಯೇ.

ವೇಗ ಬೇಡದ ಗಿರಾಕಿ

ಇಂಜಿನ್ನಿಗೆ ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ, ಅದಕ್ಕೆ ಹೊಸ ಪಾಠ ಹೇಳಿಕೊಟ್ಟರೆ ಗಾಡಿಯ ನಡಿಗೆಯೇ ಬದಲಾಗುತ್ತದೆ, ಅದಕ್ಕೆ ರೀಮ್ಯಾಪ್ ಅನ್ನುತ್ತಾರೆ ಎಂದು ರೊಟ್ಟಿ ಕಟ್ಟುವಾಗಲೇ ಓದಿದ್ದೆ. ಆ ಕೆಲಸ ಮಾಡುವವನೊಬ್ಬ ರಾಯಚೂರಿನಲ್ಲಿ ಸಿಕ್ಕ.

"ಪಿಕಪ್ ಎಷ್ಟು ಏರಿಸಬೇಕ್ರಿ ಅಕ್ಕಾರ?"

"ಏರಿಸೋದು ಬ್ಯಾಡಪಾ. ರೊಟ್ಟಿ ಮುರೀಬಾರದು, ಅಷ್ಟ."

ಅವನು ನನ್ನ ಮುಖ ನೋಡಿದ, ಕಾರಿನ ಮುಖವನ್ನೂ ನೋಡಿದ. ಅವನ ಹತ್ತಿರ ಬರುವವರೆಲ್ಲ ಸೈಲೆನ್ಸರಿನಲ್ಲಿ ಬೆಂಕಿ ಹಾರಬೇಕು ಅನ್ನುವವರು. ಗಾಬರಿಯಾಗಿ ಹೈದರಾಬಾದಿನ ತನ್ನ ಗುರುವಿಗೆ ಫೋನ್ ಹಚ್ಚಿದ. ಗುರು ತೆಲುಗಿನಲ್ಲಿ ಹೇಳಿದ್ದು ನನಗೂ ಕೇಳಿಸಿತು, ತಿಳಿಯಿತು ಕೂಡ. ಗಾಡಿ ಹಾಗಿರಲಿ, ಮೊದಲು ಆ ಅಮ್ಮನಿಗೆ ನೀರು ಕೊಡು, ರಾಯಚೂರಿನ ಬಿಸಿಲು ತಲೆಗೆ ಹತ್ತಿರಬೇಕು ಅಂದ.

ಫಿಲ್ಟರಿನ ಬಾಡಿಗೆದಾರರು

ನೀರು ಕುಡಿಸಿದ ಮೇಲೆ ಅವನು ಒಂದು ಷರತ್ತು ಹಾಕಿದ. "ರೋಗದ ಗಾಡಿಗೆ ನಾ ಲ್ಯಾಪ್‌ಟಾಪ್ ಹಚ್ಚಂಗಿಲ್ರಿ. ಫಿಲ್ಟರ್, ಕ್ಲಚ್, ಗಾಳಿ ಪೈಪು ಎಲ್ಲಾ ನೆಟ್ಟಗ ಮಾಡಿಸ್ಕೊಂಡು ಬರ್ರಿ."

ಮಾನ್ವಿಯ ನಮ್ಮ ಮೆಕ್ಯಾನಿಕ್ ಉಸ್ತಾದರು ಮನೆಗೇ ಬಂದು, ಕ್ಲಚ್ ನೋಡಿ ಸರಿಯಿದೆ ಎಂದು ತಲೆಯಾಡಿಸಿದರು. ಆಮೇಲೆ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದರು. ಒಳಗಿಂದ ಇಲಿಯೊಂದು ಹಾರಿ, ನೋಡಲು ಬಂದು ನಿಂತಿದ್ದ ನಮ್ಮ ಭಾವನ ಚಪ್ಪಲಿ ಮೇಲಿಂದ ಓಡಿತು. ಅದರ ಗೂಡಿನ ತುಂಬ ನನ್ನದೇ ರೊಟ್ಟಿಯ ಚೂರು!

"ಅಕ್ಕಾ, ನಿನ್ನ ಗಾಡಿ ಡೀಸೆಲ್ ಮ್ಯಾಲ ಅಲ್ಲ, ರೊಟ್ಟಿ ಮ್ಯಾಲ ಓಡಾಕತ್ತದ," ಎಂದರು ಉಸ್ತಾದರು.

ಭಾವ ದೂರ ನಿಂತೇ ಬಗ್ಗಿ ನೋಡಿದರು. "ಮೂಲ್ಯಾಗ ಶೇಂಗಾನೂ ಅದಾವಲ್ಲ! ಯವ್ವಾ, ನೀ ನಮಗ ಬರೀ ರೊಟ್ಟಿ ಕೊಡ್ತೀ, ಇಲಿಗೆ ಪಲ್ಯದ ವ್ಯವಸ್ಥಾನೂ ಮಾಡೀಯಲ್ಲ!"

ಲೋಬಾನದ ಹೊಗೆ

ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಊದುವ ಊದುಗೊಳವೆ ಇದ್ದ ಹಾಗೆ. ಅದರ ಪೈಪು ಎಲ್ಲೋ ಸೋರುತ್ತಿತ್ತು, ಎಲ್ಲಿ ಅಂತ ಕಾಣುತ್ತಿರಲಿಲ್ಲ. ಒಳಗೆ ಹೊಗೆ ತುಂಬಿಸಿದರೆ ಸೋರುವ ಜಾಗದಲ್ಲಿ ಹೊರಗೆ ಬರುತ್ತದೆ, ಆದರೆ ಅದರ ಮಷೀನು ಇಲ್ಲೆಲ್ಲೂ ಇಲ್ಲ ಅಂದರು ಉಸ್ತಾದರು. ನಾನು ಸುಮ್ಮನಿರುವವಳೇ? ಕೆಂಡದ ಮೇಲೆ ಲೋಬಾನ, ಅಂದರೆ ಧೂಪದ ಸಾಂಬ್ರಾಣಿ, ಹಾಕಿದೆ, ನನ್ನ ಒಲೆಗೆ ಗಾಳಿ ಊದುವ, ಕೈಲಿ ತಿರುಗಿಸುವ ಪಂಖ ತಂದು ಪೈಪಿನೊಳಗೆ ಹೊಗೆ ಊದಿಸಿದೆ. ಬಾನೆಟ್ ತೆರೆದಿದೆ, ಘಮಘಮ ಹೊಗೆ ಏಳುತ್ತಿದೆ, ಉಸ್ತಾದರು ಕಣ್ಣು ಕಿರಿದು ಮಾಡಿ ಏನೋ ಗೊಣಗುತ್ತ ಪೈಪು ಹುಡುಕುತ್ತಿದ್ದಾರೆ.

ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು ಕೈಮುಗಿದಳು. "ಗಾಡಿಗೆ ಗಾಳಿ ಹೊಕ್ಕದೇನ ಯವ್ವಾ?"

"ಹೊಕ್ಕಿಲ್ಲಬೇ, ಹೊರಗ ಹೊಂಟದ!" ಅಂದೆ ನಾನು.

ಅವಳು ಮನೆಗೆ ಓಡಿಹೋಗಿ ಎಮ್ಮೆ ಹೊಡಕೊಂಡು ಬಂದಳು. "ಒದ್ದಾಕತ್ತದ, ಹಾಲು ಬಿಡವಲ್ದು. ಇದಕ್ಕೂ ಚೂರು ಹೊಗಿ ತೋರಿಸ್ರಿ." ಅವಳ ಹಿಂದೆಯೇ ಒಬ್ಬರು ಹೊಲಿಗೆ ಮಷೀನು ಹೊತ್ತು ತಂದರು, ಇನ್ನೊಬ್ಬಾಕೆ ಕುಡುಕ ಗಂಡನ ರಟ್ಟೆ ಹಿಡಿದು ಎಳಕೊಂಡು ಬಂದು ನಿಲ್ಲಿಸಿದಳು. ಬೈದರೂ ಯಾರೂ ಕದಲಲಿಲ್ಲ. ಕಡೆಗೆ ಎಲ್ಲರಿಗೂ ಹೊಗೆ ಹಾಕಿ ಕಳಿಸಿದೆವು.

ಮರುದಿನ ಎಮ್ಮೆ ಹಾಲು ಕೊಟ್ಟಿತು. ಸೋರುವ ಜಾಗ ಸಿಕ್ಕರೂ ನನ್ನ ಗಾಡಿಗೆ ಮಾತ್ರ ಹೊಸ ಪೈಪೇ ಬೇಕಾಯಿತು.

ಭಾವನ ಮಡಿಲಿನ ಡಬ್ಬಿ

ರೀಮ್ಯಾಪ್ ಆಯಿತು. ಪರೀಕ್ಷೆ ಇದ್ದದ್ದು ಮಾತ್ರ ಸಾಹುಕಾರರ ಅಂಗಡಿಯಲ್ಲಿ. ಹಿಂದಿನ ಸೀಟಿನ ತುಂಬ ರೊಟ್ಟಿಯ ರಟ್ಟಿನ ಡಬ್ಬಿಗಳನ್ನು ಇಟ್ಟೆ. ಕರೆಯದಿದ್ದರೂ ಭಾವ ಬಂದು ಮುಂದಿನ ಸೀಟಿನಲ್ಲಿ ಕೂತರು.

"ಇದು ಜಿಗಿಯೂದು ಬಿಡಂಗಿಲ್ಲ. ಒಂದು ಡಬ್ಬಿನಾದ್ರೂ ಉಳೀಲಿ, ನನ್ನ ಕೈಯಾಗ ಕೊಡು."

ಕೊಟ್ಟೆ. ಮಡಿಲಲ್ಲಿಟ್ಟುಕೊಂಡು ತಬ್ಬಿಕೊಂಡರು. ನಾನು ಗೇರ್ ಬದಲಿಸಿದಾಗಲೆಲ್ಲ "ಬಂತು, ಬಂತು!" ಎಂದು ಕಣ್ಣು ಮುಚ್ಚುತ್ತಿದ್ದರು. ಏನೂ ಬರಲಿಲ್ಲ. ದಾರಿಯ ಕಲ್ಲೂರು ದಾಟಿತು, ಗಾಡಿ ಎಣ್ಣೆ ಸುರಿದಂತೆ ಹೋಗುತ್ತಿತ್ತು.

ಅಂಗಡಿ ಮುಂದೆ ಇಳಿದದ್ದೇ ಭಾವ ತಮ್ಮ ಡಬ್ಬಿಯನ್ನೇ ಮೊದಲು ಕಟ್ಟೆಯ ಮೇಲಿಟ್ಟರು. ಸಾಹುಕಾರರು ಬಿಚ್ಚಿದರು. ಒಳಗೆ ಬರೀ ಪುಡಿ.

"ನಾ ಮೊದಲಽ ಹೇಳಿದ್ನಿಲ್ಲೇನು?" ಅಂದರು ಭಾವ.

ಸಾಹುಕಾರರು ಹಿಂದಿನ ಸೀಟಿನ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿದರು. ಎಲ್ಲ ಇಡೀ ರೊಟ್ಟಿ, ಅಂಚು ಸಹ ಮುಕ್ಕಾಗಿಲ್ಲ. ಮತ್ತೆ ಭಾವನ ಡಬ್ಬಿ ನೋಡಿದರು. ಅದರ ಎರಡೂ ಬದಿ ಹತ್ತು ಬೆರಳಿನ ಗುರುತು ಒತ್ತಿ ಮೂಡಿದ್ದವು. ಭಾವನ ಅಂಗಿ ತುಂಬ ಜೋಳದ ಪುಡಿ.

"ಅಕ್ಕಾರ," ಅಂದರು ಸಾಹುಕಾರರು, "ಗಾಡಿ ಪಾಸಾತು, ಆರ್ಡರ್ ನಿಮ್ದ. ಆದ್ರ ಆ ಲ್ಯಾಪ್‌ಟಾಪಿನವನ ಹತ್ರ ನಿಮ್ಮ ಭಾವನವ್ರನ್ನೂ ಒಮ್ಮೆ ಕರ್ಕೊಂಡು ಹೋಗ್ರಿ."

ಈಗ ನನ್ನ ಹತ್ತಿರ ನನ್ನ ಹೆಸರಿನ ರೊಟ್ಟಿ ಮನೆ ಇದೆ, ಎಮ್ಮೆಯಂತೆ ಗುದ್ದದ ಕಾರಿದೆ, ರಾಯಚೂರಿನ ಕಾಯಂ ಆರ್ಡರ್ ಇದೆ. ಇದಕ್ಕೆಲ್ಲ ತೆತ್ತದ್ದು ಒಂದು ಹೊಸ ಪೈಪು, ಒಂದು ಇಲಿಯ ಸಂಸಾರ, ಮತ್ತು ಭಾವ ಕಾಪಾಡಿದ ಒಂದು ಡಬ್ಬಿ ರೊಟ್ಟಿ.